ಬಾವಿ ಬತ್ತುತ್ತದೆ ಎಂದು ನಾನು ಹೇಳಿದ ದಿನ

ಆಗ ನನಗೆ ನಲವತ್ತೊಂದು ವರ್ಷ. ಅದಾಗಿ ಈಗ ಮೂವತ್ತೈದು ವರ್ಷ ದಾಟಿದೆ. ಇಸವಿ 1989. ಮಸ್ಕಿ ಆಗ ತಾಲೂಕು ಆಗಿರಲಿಲ್ಲ, ಲಿಂಗಸುಗೂರಿಗೆ ಸೇರಿತ್ತು. ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಹೊಂದಿಕೊಂಡ ಹಾಸ್ಟೆಲ್‌ನಲ್ಲಿ ನಾನು ಅಡುಗೆಯವಳು. ಶಾಲೆಯ ಹೆಸರು ಬೇಡ. ನನ್ನ ಹೆಸರು ಯಂಕಮ್ಮ, ಅಷ್ಟು ಸಾಕು.

ನಾನು ಶಾಲೆಗೆ ಹೋದವಳಲ್ಲ. ನಾಲ್ಕು ಅಕ್ಷರ ಕಲಿತದ್ದು ಆ ಹಾಸ್ಟೆಲ್‌ನ ಅಡುಗೆಮನೆಯಲ್ಲಿ, ಅದೂ ತಾಟುಗಳ ಮೇಲೆ. ಹೇಗೆಂದು ಮುಂದೆ ಹೇಳುತ್ತೇನೆ. ಬರೆಯುವಾಗ ತಪ್ಪಾದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ.

ಹುಡುಗಿಯರು ನಲವತ್ತೆರಡು ಮಂದಿ. ಐದರಿಂದ ಏಳನೆಯ ತರಗತಿಯವರೆಗೆ ಓದುವವರು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ ಬೇಳೆ, ಸಂಜೆ ಅನ್ನ ಸಾರು. ದಿನಕ್ಕೆ ನೂರು ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿಯಲ್ಲ ನನ್ನನ್ನು ಮುರಿದದ್ದು, ನೀರು. ಹಾಸ್ಟೆಲ್ ಹಿಂದೆ ಕಲ್ಲು ಕಟ್ಟಿದ ಸೇದುವ ಬಾವಿ ಇತ್ತು. ಹಗ್ಗ ಹನ್ನೆರಡು ಮಾರು. ಎರಡು ಕೈ ಅಗಲಿಸಿದರೆ ಒಂದು ಮಾರು, ಅದರ ಹನ್ನೆರಡರಷ್ಟು. ದಿನಕ್ಕೆ ಅರವತ್ತು ಕೊಡ ಸೇದಬೇಕು. ಸೇದುವವಳು ನಾನೊಬ್ಬಳೇ. ಮೂರು ವರ್ಷದಲ್ಲಿ ಬಲ ಭುಜ ಎತ್ತಿದರೆ ಕಿಟಕಿ ಬಾಗಿಲಿನಂತೆ ಸದ್ದು ಮಾಡುತ್ತಿತ್ತು.

ತಾಟಿನ ವಿಷಯ ಹೇಳಬೇಕು. ಪ್ರತಿ ಹುಡುಗಿಯೂ ಮನೆಯಿಂದ ಊಟಕ್ಕೊಂದು ತಾಟು, ನೀರಿಗೊಂದು ಚರಗಿ ತರಬೇಕು. ಎಲ್ಲ ಜರ್ಮನ್ ತಾಟು, ಎಂದರೆ ಅಲ್ಯೂಮಿನಿಯಮ್ಮಿನವು. ಯಾರದು ಯಾರದೆಂದು ದಿನಾ ಜಗಳ. ಅದಕ್ಕೆ ಮೊಳೆಯಿಂದ ಹೆಸರು ಗೀಚುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಷರ ಬಾರದವಳು ಹೆಸರು ಗೀಚುವುದು ಹೇಗೆ? ಹುಡುಗಿಯರು ಸೀಮೆಸುಣ್ಣದಿಂದ ಬರೆದುಕೊಡುತ್ತಿದ್ದರು, ನಾನು ಅದರ ಮೇಲೆ ಮೊಳೆ ಎಳೆಯುತ್ತಿದ್ದೆ.

ಬೇಸಿಗೆ ರಜೆಗೆ ಊರಿಗೆ ಹೋಗುವಾಗ ತಾಟು ಬಿಟ್ಟು ಹೋಗುತ್ತಿದ್ದರು. ಏಪ್ರಿಲ್ ಹತ್ತಕ್ಕೆ ಶಾಲೆ ಮುಚ್ಚಿದರೆ ಜೂನ್ ಒಂದಕ್ಕೆ ತೆರೆಯುವುದು. ತೆರೆದಾಗ ಒಂದಷ್ಟು ತಾಟು ಕೇಳುವವರಿಲ್ಲದೆ ಉಳಿಯುತ್ತಿದ್ದವು. ಒಂದು ವರ್ಷ ಐದು, ಇನ್ನೊಂದು ವರ್ಷ ಏಳು. ಆ ತಾಟಿನ ಹುಡುಗಿಯರಿಗೆ ಮದುವೆಯಾಗಿರುತ್ತಿತ್ತು. ಮದುವೆಯಾದವಳಿಗೆ ಸ್ಟೀಲ್ ತಾಟು ಕೊಡುತ್ತಾರೆ, ಜರ್ಮನ್ ತಾಟಿಗಾಗಿ ಬಸ್ ಹತ್ತಿ ಯಾರು ಬರುತ್ತಾರೆ? ಹಾಗಾಗಿ ನಮ್ಮ ಅಡುಗೆಮನೆಗೆ ಮುಚ್ಚಳ ಕೊಳ್ಳುವ ಅಗತ್ಯವೇ ಬೀಳಲಿಲ್ಲ. ಬೇಳೆಯ ಬೋಗುಣಿಗೆ ಒಂದು, ಅನ್ನಕ್ಕೊಂದು, ನೀರಿನ ಹಂಡೆಗೊಂದು. ಎಲ್ಲದರ ಮೇಲೂ ಹೆಸರಿತ್ತು. ನನಗೆ ಅದರಿಂದ ಏನೂ ಅನ್ನಿಸುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ?

ಆ ವರ್ಷ ಸುಶೀಲಾ ಟೀಚರಮ್ಮ ಬಂದರು. ಲಿಂಗಸುಗೂರಿನವರು, ಮದುವೆಯಾಗದವರು, ಶಾಲೆಗೆ ಮುಖ್ಯಸ್ಥೆ ಅವರೇ, ಹಾಸ್ಟೆಲ್‌ಗೆ ವಾರ್ಡನ್ನೂ ಅವರೇ. ಬಂದ ಮೊದಲ ವಾರವೇ ಅಡುಗೆಮನೆಗೆ ಬಂದು ಬೇಳೆಯ ಮುಚ್ಚಳ ಎತ್ತಿ ಓದಿದರು.

"ಯಂಕಮ್ಮ, ಈ ಶರಣಮ್ಮ ಯಾರು?"

"ಹೋದ ವರ್ಷ ಇದ್ದಳ್ರಿ. ಈಗ ಮುಚ್ಚಳ ಆಗ್ಯಾಳ."

ನಾನು ನಗೆಗೆ ಹೇಳಿದ್ದು. ಅವರು ನಗಲಿಲ್ಲ. ಹಾಜರಿ ಪುಸ್ತಕ ತಂದು ಕುಳಿತು ಉಳಿದ ತಾಟುಗಳನ್ನೆಲ್ಲ ಅದರಲ್ಲಿನ ಹೆಸರಿನ ಜೊತೆ ತಾಳೆ ನೋಡಿದರು.

ಅವರು ಕಂಡುಕೊಂಡದ್ದು ಇಷ್ಟು. ಕಾಲುವೆ ಕಡೆಯ ಊರಿನ ಹುಡುಗಿಯರು, ಗೊರೇಬಾಳ, ಸಿಂಧನೂರು ಸುತ್ತಿನವರು, ಭತ್ತದ ನಾಟಿ ಬಂದಾಗ ಹದಿನೈದು ದಿನ ಕಾಣೆಯಾಗುತ್ತಾರೆ. ಒಣಭೂಮಿಯ ಕಡೆಯವರು, ಪಾಮನಕಲ್ಲೂರಿನಂಥ ಊರಿನವರು, ಜೋಳದ ಸುಗ್ಗಿಗೆ ಹೋಗುತ್ತಾರೆ. ಆದರೆ ಕೆಲಸಕ್ಕೆ ಹೋದವಳು ತಿರುಗಿ ಬರುತ್ತಾಳೆ. ಬೇಸಿಗೆ ರಜೆಗೆ ಹೋದವಳೇ ಬರುವುದಿಲ್ಲ. ಐವತ್ತು ದಿನ ಹುಡುಗಿ ಮನೆಯಲ್ಲಿ ಖಾಲಿ ಕುಳಿತರೆ, ಮುಹೂರ್ತದ ದಿನಗಳೂ ಅವೇ ಆದರೆ, ಬೀಗರು ಬರದೆ ಇನ್ನೇನು?

ಅದಕ್ಕೆ ಅವರು ಹೂಡಿದ ಹೊಸ ಲೆಕ್ಕ: ಬೇಸಿಗೆಯಲ್ಲಿ ಶಾಲೆ ಮುಚ್ಚುವುದೇ ಬೇಡ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಡೆಸೋಣ. ರಜೆಯನ್ನು ವರ್ಷದುದ್ದಕ್ಕೂ ಒಡೆದು ಹಂಚೋಣ. ನಾಟಿಗೆ ಸ್ವಲ್ಪ, ಸುಗ್ಗಿಗೆ ಸ್ವಲ್ಪ, ದಸರೆಗೆ ಸ್ವಲ್ಪ. ಮೇಲಿನವರನ್ನು ಕಾಡಿ ಬೇಡಿ ಒಂದು ಬೇಸಿಗೆಯ ಮಟ್ಟಿಗೆ ಒಪ್ಪಿಗೆಯನ್ನೂ ತಂದರು. ಅದಕ್ಕೊಂದು ಷರತ್ತಿತ್ತು: ಪಾಲಕರ ಸಭೆ ಒಪ್ಪಬೇಕು, ಹಾಸ್ಟೆಲ್‌ಗೆ ನೀರಿನ ಅನುಕೂಲವಿದೆ ಎಂದು ಬರೆದುಕೊಡಬೇಕು.

ಈಗಲೂ ಪೇಪರಿನಲ್ಲಿ ಈ ವಾದ ಆಗಾಗ ಬರುತ್ತದಂತೆ. ವರ್ಷವಿಡೀ ಶಾಲೆ ಬೇಕೋ, ಹಳೆಯ ರಜೆಯೇ ಬೇಕೋ ಎಂದು. ಓದಿದವರು ಎರಡೂ ಕಡೆ ಚಂದ ಮಾತಾಡುತ್ತಾರೆ. ನಾನು ನೋಡಿದ್ದು ಮಸ್ಕಿಯ ಒಂದು ಸಭೆಯನ್ನು ಮಾತ್ರ. ಅಲ್ಲಿ ವಾದ ಗೆದ್ದದ್ದು ಬಕೀಟಿನಲ್ಲಿ ಬಂದ ಕೆಸರು.

ಸಭೆ ಮಾರ್ಚ್ ತಿಂಗಳ ಒಂದು ಭಾನುವಾರ. ಅದರ ಹಿಂದಿನ ದಿನ ಹುಲಿಗೆಮ್ಮ ನನ್ನ ಜೊತೆ ಬಾವಿಕಟ್ಟೆಯ ಮೇಲಿದ್ದಳು. ಪಾಮನಕಲ್ಲೂರಿನ ಅಮರಪ್ಪನ ಮಗಳು, ಹನ್ನೆರಡು ವರ್ಷ, ಆರನೆಯ ತರಗತಿ. ತಾಟಿನ ಮೇಲೆ ಹೆಸರು ಬರೆದುಕೊಟ್ಟು ನನಗೆ ಅಕ್ಷರ ತೋರಿಸಿದವರಲ್ಲಿ ಇವಳೇ ಮುಂದು. ಬಾಯಿ ಜೋರು. ನಾನು 'ಹು' ಬರೆದರೆ "ದೊಡ್ಡಮ್ಮ, ಇದೇನು ಹು? ಕುಂಟ ಕೋಳಿ ಆಗೈತಿ" ಎನ್ನುತ್ತಿದ್ದಳು. ಹಗ್ಗದ ತುದಿ ಹಿಡಿದು ನನ್ನೊಂದಿಗೆ ಜಗ್ಗುತ್ತ ಅವಳೇ ಮಾತು ತೆಗೆದಳು.

"ದೊಡ್ಡಮ್ಮ, ನಾಳೆ ಸಭಾದಾಗ ನೀರಿಂದು ನಿನ್ನ ಕೇಳ್ತಾರಂತ. ನೀ ಹೂಂ ಅಂತೀ ಹೌದಿಲ್ಲೋ?"

"ನಿನಗ್ಯಾಕ ಬೇಕ ಅದು?"

"ನಮ್ಮ ಮಾಮ ದೀಪಾವಳಿಗೇ ಸೀರಿ ತಂದಿಟ್ಟಾನ. ಬಸವ ಜಯಂತಿಗೆ ಲಗ್ನ ಅಂತ ನಮ್ಮಮ್ಮ ಹೇಳಾಕತ್ತಾಳ."

"ನೀ ಉಡಲಿಲ್ಲಂದ್ರ ನಿಮ್ಮಮ್ಮ ಉಡ್ತಾಳ ಬಿಡು."

"ನಗಬ್ಯಾಡ ದೊಡ್ಡಮ್ಮ. ನಮ್ಮಪ್ಪ ಏನಂತಾನ ಗೊತ್ತೇನು? ನಡಿಯೋ ಸಾಲಿ ಬಿಡಿಸಿದ್ರ ಊರ ಮಂದಿ ನಗ್ತಾರ, ಅದಕ್ಕ ಬಿಡ್ಸಂಗಿಲ್ಲ ಅಂತಾನ. ಸಾಲಿ ನಡದ್ರ ನಾ ಉಳಿದೆ. ರಜಾ ಕೊಟ್ರ ಹೋದೆ. ನೀ ಹೂಂ ಅನ್ನು ಅಷ್ಟ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. "ಹಗ್ಗ ಗಟ್ಟಿ ಹಿಡಿ, ಬೇ" ಎಂದೆ.

ಆ ಐವತ್ತು ದಿನದ ರಜೆ ಹುಡುಗಿಯರಿಗೆ ಇದ್ದ ಹಾಗೆ ನನಗೂ ಇತ್ತು. ಆ ದಿನಗಳಲ್ಲಿ ನನ್ನ ಮನೆಯ ಕಟ್ಟೆಯ ಮೇಲೆ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗುತ್ತಿದ್ದೆ. ನಲವತ್ತೆರಡು ಬಾಯಿಗಳಲ್ಲಿ ಒಂದೂ ನನ್ನನ್ನು ಕೂಗುತ್ತಿರಲಿಲ್ಲ. ಭುಜ ಸ್ವಲ್ಪ ಕೂಡಿಕೊಳ್ಳುತ್ತಿತ್ತು. ಜೂನ್‌ನಿಂದ ಏಪ್ರಿಲ್‌ವರೆಗೆ ನಾನು ನಡೆಯುತ್ತಿದ್ದುದೇ ಆ ಐವತ್ತು ದಿನಕ್ಕಾಗಿ. ಟೀಚರಮ್ಮನ ಹೊಸ ಲೆಕ್ಕದಲ್ಲಿ ನಾಟಿಗೆ ರಜೆ ಇತ್ತು, ಸುಗ್ಗಿಗೆ ಇತ್ತು. ಆದರೆ ನಾಟಿಗೆ ಅರ್ಧ ಹುಡುಗಿಯರು ಹೋಗುತ್ತಾರೆ, ಸುಗ್ಗಿಗೆ ಇನ್ನರ್ಧ. ಉಳಿದರ್ಧಕ್ಕೆ ಅಡುಗೆ ಮಾಡಬೇಕಾದವಳು ಎರಡೂ ಸಲ ನಾನೇ. ಅಡುಗೆಯವಳ ರಜೆ ಯಾವ ತಿಂಗಳು ಎಂದು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.

ಭಾನುವಾರ ಮೂವತ್ತು ಮಂದಿ ತಂದೆಯರು ಬಂದರು. ತಗಡಿನ ಶೆಡ್ಡಿನಲ್ಲಿ ಜಮಖಾನೆ ಹಾಸಿದ್ದೆವು. ಅಷ್ಟು ಜನ ಬರುತ್ತಾರೆಂದು ನಾನು ನಸುಕಿನಿಂದಲೇ ನೀರು ಸೇದಿದ್ದೆ. ಕುಡಿಯಲು, ಕೈಕಾಲಿಗೆ, ಅಂಗಳ ತೊಳೆಯಲು, ತೊಟ್ಟಿ ತುಂಬಲು. ಅರವತ್ತರ ಬದಲು ನೂರಾ ಇಪ್ಪತ್ತು ಕೊಡ ಆಗಿತ್ತು.

ಮೊದಲು ಗಣಿತದ ಮಾಸ್ತರು ಎದ್ದರು. "ಈ ಬಿಸಿಲಾಗ ತಗಡಿನ ಕೆಳಗ ಮಕ್ಕಳನ್ನ ಕೂಡಿಸಿದ್ರ ಲೆಕ್ಕ ಅಲ್ರಿ, ಹಪ್ಪಳ ಆಗ್ತಾವ. ಹಿರಿಯರು ರಜಾ ಸುಮ್ಮನ ಮಾಡಿಲ್ಲ."

ಗೊರೇಬಾಳದ ಬಸಣ್ಣ ಗದ್ದೆ ಮಾಡುವವನು, ಇಬ್ಬರು ಹೆಣ್ಣುಮಕ್ಕಳನ್ನು ನಮ್ಮಲ್ಲಿ ಬಿಟ್ಟಿದ್ದ. ಕೂತಲ್ಲಿಂದಲೇ ಹೇಳಿದ: "ಮಾಸ್ತರ, ನಿಮಗ ರಜಾ ಬೇಕು, ಮಕ್ಕಳ ಹೆಸರು ಹೇಳಾಕತ್ತೀರಿ. ನಾಟಿಗೆ ಬಿಡ್ತೀವಂದ್ರ ನಾ ಇವತ್ತ ಸಹಿ ಹಾಕ್ತೀನಿ. ಬ್ಯಾಸಿಗ್ಯಾಗ ಕಾಲುವಿ ಬಂದ್ ಆಗಿರ್ತೈತಿ, ನಮ್ಮ ಹುಡುಗ್ಯಾರಿಗೆ ಊರಾಗ ಏನ್ ಕೆಲಸ?"

ಎಲ್ಲರೂ ನಕ್ಕರು, ಮಾಸ್ತರರನ್ನು ಬಿಟ್ಟು. ಆಮೇಲೆ ಹುಲಿಗೆಮ್ಮನ ಅಪ್ಪ ಅಮರಪ್ಪ ಎದ್ದ. ಸಣಕಲು ಮನುಷ್ಯ, ಹೆಗಲ ಮೇಲೆ ಕಂಬಳಿ. ಕೈ ಕಟ್ಟಿಕೊಂಡು ಮಾತಾಡಿದ.

"ನಮಗ ನಾಟಿ ಇಲ್ರಿ, ಸುಗ್ಗಿ ಮುಗದೈತಿ. ಬ್ಯಾಸಿಗ್ಯಾಗ ನಡಸ್ತೀರೇನು, ನಡಸ್ರಿ. ನಡಿಯೋ ಸಾಲಿ ನಾ ಬಿಡ್ಸಂಗಿಲ್ಲ. ಆದ್ರ ನೀರು ಹೆಂಗ್ರಿ? ಹುಡುಗ್ಯಾರು ದಾಹ ಅಂದ್ರ ಯಾರು ಕೊಡ್ತಾರ?"

ಟೀಚರಮ್ಮ ನನ್ನ ಕಡೆ ತಿರುಗಿದರು. ನಾನು ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದೆ. "ಅದನ್ನ ಯಂಕಮ್ಮನ್ನ ಕೇಳ್ರಿ. ಬಾವಿ ಆಕೀದು. ಯಂಕಮ್ಮ, ಏಪ್ರಿಲ್ ಮೇ ತಿಂಗಳಿಗೆ ನಲವತ್ತು ಮಂದಿಗೆ ನೀರು ಆಗ್ತಾವನು?"

ಆಗುತ್ತಿತ್ತು. ನನಗೆ ಗೊತ್ತಿತ್ತು. ಹಾಸ್ಟೆಲ್ ಮುಂದೆ ಎರಡು ಬೇವಿನ ಸಸಿ ಇದ್ದವು. ಪ್ರತಿ ಬೇಸಿಗೆಯಲ್ಲೂ ದಿನ ಬಿಟ್ಟು ದಿನ ಬಂದು ಅವಕ್ಕೆ ನೀರು ಹಾಕುವವಳು ನಾನೇ. ಮೇ ತಿಂಗಳಲ್ಲೂ ಆ ಬಾವಿಯಲ್ಲಿ ಎರಡು ಮಾರು ನೀರು ನಿಲ್ಲುತ್ತಿತ್ತು. ತಳದಲ್ಲಿ ಒರತೆ ಇತ್ತು. ಕಿರಿದಾದ ಬಾವಿ, ಒಂದೇ ದಿನ ಬಹಳ ಸೇದಿದರೆ ತಳ ಮುಟ್ಟುತ್ತಿತ್ತು, ಒಂದು ರಾತ್ರಿ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತಿತ್ತು. ಇದು ಸೇದುವವಳಿಗೆ ಮಾತ್ರ ತಿಳಿಯುವ ಸಂಗತಿ.

"ಆಗಂಗಿಲ್ರಿ," ಎಂದೆ. "ಈಗ ತಳ ಕಾಣಾಕತ್ತೈತಿ. ಬ್ಯಾಸಿಗ್ಯಾಗ ಬತ್ತತೈತಿ."

ಬಸಣ್ಣನಿಗೆ ನಂಬಿಕೆ ಬರಲಿಲ್ಲ. "ತಡೀರಿ, ನೋಡೇ ಬಿಡೂಣು" ಎಂದು ಎದ್ದ. ಹತ್ತು ಮಂದಿ ಅವನ ಹಿಂದೆ ಬಾವಿಗೆ ಹೋದರು. ಅವನೇ ಬಕೀಟು ಬಿಟ್ಟ. ಬೆಳಿಗ್ಗೆ ನೂರಾ ಇಪ್ಪತ್ತು ಕೊಡ ತೆಗೆದ ಬಾವಿ. ಬಕೀಟು ತಳಕ್ಕೆ ಬಡಿದು ಅರ್ಧ ಕೆಸರು ಎತ್ತಿಕೊಂಡು ಬಂತು. ಅವನು ಅದನ್ನು ಕಟ್ಟೆಯ ಮೇಲೆ ಸುರಿದ. ಎಲ್ಲರೂ ನೋಡಿದರು. "ಮುಂಜಾನಿಂದ ಎರಡರಷ್ಟು ಸೇದೀನಿ, ನಾಳೆ ನೋಡ್ರಿ" ಎಂಬ ಒಂದು ಮಾತು ನನ್ನ ನಾಲಿಗೆಯ ಮೇಲಿತ್ತು. ಅಲ್ಲೇ ಇಟ್ಟುಕೊಂಡೆ.

"ಆಕಿ ಖರೇ ಹೇಳ್ಯಾಳ," ಎಂದ ಬಸಣ್ಣ. ಸಭೆ ಅಲ್ಲಿಗೆ ಮುಗಿಯಿತು. ಟೀಚರಮ್ಮ ಸಹಿಯ ಕಾಗದವನ್ನು ಮಡಚಿ ಪುಸ್ತಕದೊಳಗಿಟ್ಟರು. ಹುಲಿಗೆಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತೊಟ್ಟಿ ತುಂಬಲು ಬೆಳಿಗ್ಗೆ ನನ್ನ ಜೊತೆ ಹಗ್ಗ ಜಗ್ಗಿದವಳು ಅವಳು. ಎಷ್ಟು ಕೊಡ ಎಂದು ಎಣಿಸಿದವಳೂ ಅವಳೇ. ನನ್ನನ್ನು ನೋಡಿದಳು, ತಿರುಗಿ ಒಳಗೆ ಹೋದಳು. ದೊಡ್ಡವರ ಮುಂದೆ ಅಡುಗೆಯವಳನ್ನು ಸುಳ್ಳಿಯೆಂದು ತೋರಿಸಿಕೊಡಬಾರದು ಎಂದು ಆ ಹುಡುಗಿಗೆ ಯಾರು ಕಲಿಸಿದ್ದರೋ ನನಗೆ ತಿಳಿಯದು. ಕಲಿಸಬಾರದಿತ್ತು.

ಏಪ್ರಿಲ್ ಹತ್ತಕ್ಕೆ ಶಾಲೆ ಮುಚ್ಚಿತು. ಏಳನೆಯದು ಮುಗಿಸಿದವರನ್ನು ಬಿಟ್ಟು ಮೂವತ್ತಾರು ಹುಡುಗಿಯರು ತಾಟು ಇಟ್ಟುಹೋದರು. ಹುಲಿಗೆಮ್ಮ ತನ್ನ ತಾಟನ್ನು ತಾನೇ ತಿಕ್ಕಿ ಬೋರಲು ಹಾಕಿ ಹೋದಳು. ನಾನು ನನ್ನ ಕಟ್ಟೆಯ ಮೇಲೆ ಮಲಗಿದೆ. ಚೆನ್ನಾಗಿಯೇ ನಿದ್ದೆ ಬಂತು.

ಜೂನ್ ಮೊದಲ ವಾರ ಕಳೆಯಿತು. ತಾಟು ತೆಗೆದುಕೊಂಡವರು ಇಪ್ಪತ್ತೆಂಟು ಮಂದಿ. ಎಂಟು ತಾಟು ಉಳಿದವು. ಅದರಲ್ಲಿ ಒಂದು ಹುಲಿಗೆಮ್ಮನದು.

ಮಳೆ ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ನಾನು ಬಕೀಟು ಬಿಟ್ಟಾಗ ಟೀಚರಮ್ಮ ಹಿಂದೆ ನಿಂತಿದ್ದರು. ಬಕೀಟು ತುಂಬು ನೀರಿಗೆ ಬಿದ್ದ ಸದ್ದು ಅವರಿಗೂ ಕೇಳಿತು. ಬಗ್ಗಿ ನೋಡಿದರು.

"ಮಳಿ ಬಂದಿಲ್ಲ. ನೀರು ಎಲ್ಲಿಂದ ಬಂತು ಯಂಕಮ್ಮ?"

"ಒರತಿ ಐತ್ರಿ."

"ಮಾರ್ಚದಾಗ ಇದ್ದಿಲ್ಲೇನು?"

"ಇತ್ರಿ."

ಅವರು ಬೈಯುತ್ತಾರೆಂದು ಕಾದೆ. ಕೆಲಸ ಹೋಗುತ್ತದೆಂದೂ ಅಂದುಕೊಂಡೆ. ಅವರು ಕೇಳಿದ್ದು ಒಂದೇ: "ಭಾನುವಾರ ನನ್ನ ಜೋಡಿ ಪಾಮನಕಲ್ಲೂರಿಗೆ ಬರ್ತೀಯೇನು?"

ಭಾನುವಾರ ಬಸ್ ಹತ್ತಿ ಹೋದೆವು. ಅಮರಪ್ಪ ನಮ್ಮನ್ನು ಕಂಡು ಗಡಬಡಿಸಿ ಚಾಪೆ ಹಾಸಿದ, ಚಹಾ ಮಾಡಿಸಿದ. ಕೇಳುವ ಮೊದಲೇ ಹೇಳಿದ.

"ಬಸವ ಜಯಂತಿಗೆ ಲಗ್ನ ಆತ್ರಿ ಟೀಚರಮ್ಮ. ನನ್ನ ಹೇಣ್ತಿ ತಮ್ಮಗ ಕೊಟ್ಟೀನಿ, ಇಲ್ಲೇ ಎರಡು ಓಣಿ ಆಚಿಗೆ. ಸಾಲಿ ನಡೀತಿದ್ರ ದೇವರಾಣಿ ನಾ ಕೊಡ್ತಿದ್ದಿಲ್ಲ. ಸಾಲಿ ಐತಿ ಅಂತ ಅಂದಿದ್ರ ಮುಗೀತಿತ್ತು. ರಜಾ ಇತ್ತು, ಹುಡುಗಿ ಮನ್ಯಾಗ ಕುಂತಿತ್ತು, ಬೀಗರು ಬಂದು ಎದುರಿಗೆ ಕುಂತ್ರು. ಏನು ನೆವ ಹೇಳ್ಲಿ? ಪುಣ್ಯಕ್ಕ ಈ ಯಂಕಮ್ಮ ನೀರಿಲ್ಲಂತ ಖರೇ ಹೇಳಿದಳು. ಇಲ್ಲಂದ್ರ ಮಕ್ಕಳು ನೀರಡಿಸಿ ಸಾಯ್ತಿದ್ವು."

ಅವನು ಇದನ್ನು ಒಳ್ಳೆಯ ಮಾತೆಂದೇ ಹೇಳಿದ್ದು. ಆ ಚಹಾ ನಾನು ಪೂರ್ತಿ ಕುಡಿದೆ. ಬಡವರ ಮನೆಯ ಸಕ್ಕರೆ, ಚೆಲ್ಲಬಾರದು.

ಬಸ್ಸಿಗೆ ಹೊರಟಾಗ ಹುಲಿಗೆಮ್ಮ ದಾರಿಯಲ್ಲೇ ಸಿಕ್ಕಳು. ಹಸಿರು ಸೀರೆ, ಸೊಂಟದ ಮೇಲೆ ಕೊಡ, ತಲೆಯ ಮೇಲೆ ಇನ್ನೊಂದು. ಸೀರೆ ಉದ್ದವಾಗಿ ಕಾಲಿಗೆ ತೊಡರುತ್ತಿತ್ತು. ಟೀಚರಮ್ಮನಿಗೆ ನಮಸ್ಕಾರ ಹೇಳಿದಳು. ಅವರು ಅವಳ ಕೈ ಮುಟ್ಟಿದರು. ಅವಳು ನನ್ನ ಕಡೆ ತಿರುಗಿದಳು.

"ದೊಡ್ಡಮ್ಮ, ನಿನ್ನ ಬಾವ್ಯಾಗ ನೀರು ಬಂದಾವನು?"

"ಬಂದಾವ."

"ಛಲೋ ಆತು. ಇಲ್ಲಿ ಬಾವಿ ಭಾಳ ಆಳ ಐತಿ. ಹದಿನೆಂಟು ಮಾರು." ಕೊಡ ಸರಿಮಾಡಿಕೊಂಡು ಕೇಳಿದಳು: "ನನ್ನ ತಾಟು ಐತನು?"

"ಐತಿ. ತಂದುಕೊಡ್ಲೇನು?"

"ಬ್ಯಾಡ. ಇಲ್ಲಿ ಸ್ಟೀಲಿಂದು ಕೊಟ್ಟಾರ. ಅಲ್ಲೇ ಇಟ್ಟುಕೋ, ಮುಚ್ಚಾಕ ಆಗ್ತೈತಿ."

ಅಷ್ಟು ಹೇಳಿ ಹೋದಳು. ನೀರು ತುಳುಕದ ಹಾಗೆ ನಡೆಯಲು ಆಗಲೇ ಕಲಿತಿದ್ದಳು.

ತಿರುಗಿ ಬರುವ ಬಸ್ಸಿನಲ್ಲಿ ಟೀಚರಮ್ಮ ಕೇಳಿದರು. "ದಣದೀನಿ ಅಂತ ಒಂದು ಮಾತು ನನಗ ಹೇಳಿದ್ರ ಇನ್ನೊಬ್ಬಾಕಿನ್ನ ನೇಮಸ್ತಿದ್ದೆ ಯಂಕಮ್ಮ. ಬಾವಿ ಮ್ಯಾಲ ಯಾಕ ಹಾಕಿದಿ?"

ನನಗೂ ಸಿಟ್ಟಿತ್ತು. "ನೀವು ಕೇಳಿದ್ರೇನ್ರಿ? ನೀರು ಆಗ್ತಾವನು ಅಂದ್ರಿ. ಯಂಕಮ್ಮನ ಕೈಲೆ ಆಗ್ತೈತನು ಅಂತ ಯಾರು ಕೇಳಿದ್ರಿ?"

ಅವರು ಕಿಟಕಿಯ ಕಡೆ ತಿರುಗಿದರು. ನಾನು ಇನ್ನೊಂದು ಕಡೆ. ಅವರು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಅದರಿಂದ ಆ ಹುಡುಗಿಗೆ ಏನೂ ಪ್ರಯೋಜನವಾಗಲಿಲ್ಲ.

ಮುಂದಿನ ಬೇಸಿಗೆ ಬರುವ ಮೊದಲೇ ಅವರಿಗೆ ವರ್ಗವಾಯಿತು. ಬೇಸಿಗೆ ಶಾಲೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹೋಗುವ ಮುನ್ನ ಕೈಪಂಪು ಹಾಕಿಸಿದರು. ನಾನು ಇನ್ನೂ ಹದಿನಾರು ವರ್ಷ ಅಲ್ಲೇ ರೊಟ್ಟಿ ಬಡಿದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹೆಂಗಸೊಬ್ಬಳು ದಣಿದಿದ್ದಾಳೆ ಎಂದರೆ ಸಭೆಯಲ್ಲಿ ಯಾರೂ ಏಳುವುದಿಲ್ಲ, ಬಾವಿ ಬತ್ತಿದೆ ಎಂದರೆ ಎಲ್ಲರೂ ಎದ್ದು ನೋಡಲು ಹೋಗುತ್ತಾರೆ. ಅದು ಗೊತ್ತಿದ್ದೇ ನಾನು ಬಾವಿಯ ಹೆಸರು ಹೇಳಿದೆ. ದಣಿವು ಸುಳ್ಳಲ್ಲ, ರಜೆ ಬೇಕೆಂದದ್ದು ತಪ್ಪಲ್ಲ. ಈಗ ಕೇಳಿದರೂ ಬೇಕೆಂದೇ ಹೇಳುತ್ತೇನೆ. ಆದರೆ ನನ್ನ ಐವತ್ತು ದಿನಕ್ಕಾಗಿ ನಾನು ಹೇಳಿದ ಸುಳ್ಳನ್ನು ಹೊತ್ತವಳು ಇನ್ನೊಬ್ಬಳು. ಶಾಲೆ ಯಾವಾಗ ನಡೆಯಬೇಕು, ಯಾವಾಗ ಮುಚ್ಚಬೇಕು ಎಂದು ಈಗ ವಾದ ಮಾಡುವವರು ಮಾಡಲಿ. ಮಾಡುವ ಮೊದಲು ಅಲ್ಲಿ ನೀರು ಸೇದುವವಳು ಯಾರೆಂದು ಕೇಳಲಿ. ಅವಳ ಕೈ ನೋಡಲಿ. ಬಾವಿಯನ್ನು ಆಮೇಲೆ ನೋಡಲಿ.

ಪಾಮನಕಲ್ಲೂರಿನಿಂದ ಬಂದ ಮರುದಿನ ಬೆಳಿಗ್ಗೆ ಎಂದಿನಂತೆ ಎದ್ದೆ. ಒಲೆ ಹೊತ್ತಿಸಿದೆ, ನೀರು ಸೇದಿದೆ, ಬೇಳೆ ಇಟ್ಟೆ. ಶರಣಮ್ಮನ ತಾಟು ತೂತು ಬಿದ್ದಿತ್ತು, ಆವಿ ನಿಲ್ಲುತ್ತಿರಲಿಲ್ಲ. ಅದನ್ನು ತೆಗೆದು ಹೊರಗಿಟ್ಟೆ. ಉಳಿದ ಎಂಟರಲ್ಲಿ ಒಂದೊಂದನ್ನೇ ಬೋಗುಣಿಯ ಮೇಲಿಟ್ಟು ನೋಡಿದೆ. ಕೆಲವು ಸಣ್ಣವಾದವು, ಕೆಲವು ಅಲ್ಲಾಡಿದವು. ಹುಲಿಗೆಮ್ಮನದು ಸರಿಯಾಗಿ ಕೂತಿತು. ಕುಂಟ ಕೋಳಿಯಂಥ ಹು. ಹೆಸರಿನ ಮಗ್ಗುಲನ್ನು ಮೇಲೆ ಮಾಡಿಯೇ ಮುಚ್ಚಿದೆ, ಹಿಟ್ಟು ಕಲಸಲು ಕುಳಿತೆ.